ಒಂಬತ್ತನೆಯ ಸೀಟಿನ ನೆರಳು

ಪೆಟ್ಟು ತಿಂದವರು 'ಯವ್ವಾ' ಎಂದು ಬಾಯಿ ತೆರೆಯುವ ಹೊತ್ತಿಗೆ ಅವರ ಗಾಯಗಳ ಪಟ್ಟಿ ಆಸ್ಪತ್ರೆಯ ಮೇಜಿಗೆ ಬಂದು ಕೂತಿರುತ್ತಿತ್ತು. ಹಿಂದಿನ ಕಾಲದವರು ಕೇಳಿದ್ದರೆ ಇದು ಯಾವ ಮಾಯಾವಿಯ ಕೆಲಸವಪ್ಪಾ ಎನ್ನುತ್ತಿದ್ದರೇನೋ. ಹಾವೇರಿಯ ಬೈಪಾಸಿಗೆ ಹತ್ತಿಕೊಂಡು ನಿಂತ ಘಾತಲಿಪಿ ಕೇಂದ್ರದಲ್ಲಿ ಮಾತ್ರ ಅದು ದಿನದ ಕೆಲಸ, ಬೆಳಗಿನ ಚಹಾದಷ್ಟೇ ಮಾಮೂಲು.

ಹೆದ್ದಾರಿಗೆ ಇಳಿಯುವ ಪ್ರತಿಯೊಂದು ಗಾಡಿಯ ಸೀಟಿನೊಳಗೆ, ಬೆನ್ನಿನ ಒರಗಿನೊಳಗೆ, ಕಾಲೂರುವ ತಗಡಿನ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ ಇರುತ್ತಿತ್ತು. ಪೆಟ್ಟು ಯಾವ ದಿಕ್ಕಿನಿಂದ ಬಂತು, ಎಷ್ಟು ಜೋರಿನಿಂದ ಬಂತು, ಎಷ್ಟು ಹೊತ್ತು ಒತ್ತಿ ಹಿಡಿಯಿತು ಎಂಬುದನ್ನು ಆ ಪೊರೆ ಸೆಕೆಂಡಿಗೆ ನಾಲ್ಕು ಸಾವಿರ ಸಲ ಅಳೆದು ಕೇಂದ್ರಕ್ಕೆ ಕಳಿಸುತ್ತಿತ್ತು. ಗಾಡಿ ಏರುವಾಗ ಪ್ರಯಾಣಿಕರು ತಮ್ಮ ಸೀಟಿಗೆ ಕಾರ್ಡು ಮುಟ್ಟಿಸಬೇಕು. ಕಾರ್ಡಿನಲ್ಲಿ ವಯಸ್ಸು, ಎತ್ತರ, ತೂಕ, ಹಳೆಯ ರೋಗರುಜಿನ ಎಲ್ಲ ಇರುತ್ತದೆ. ಅಪಘಾತವಾದ ಕ್ಷಣ ಕೇಂದ್ರದ ಕಂಪ್ಯೂಟರಿನೊಳಗೆ ಅದೇ ಎತ್ತರದ, ಅದೇ ತೂಕದ, ಅದೇ ಎಲುಬಿನ ಮೈಯೊಂದು ಮೂಡುತ್ತದೆ. ಅದಕ್ಕೆ ಅದೇ ಪೆಟ್ಟು ಬೀಳುತ್ತದೆ. ಸಿಬ್ಬಂದಿಯವರು ಅದನ್ನು 'ನೆರಳು' ಎಂದು ಕರೆಯುತ್ತಿದ್ದರು. ನೆರಳಿನ ಯಾವ ಎಲುಬು ಮುರಿಯಿತೋ, ಯಾವ ಅಂಗ ಹರಿಯಿತೋ, ಅದಕ್ಕೆ ತಕ್ಕ ಅಕ್ಷರ ಅಂಕೆಗಳ ಸಂಕೇತ ತಾನಾಗಿಯೇ ದಾಖಲೆಗೆ ಬಂದು ಬೀಳುತ್ತದೆ. ಮೂರು ಸೆಕೆಂಡಿನ ಮಾತು.

ಅದರಿಂದ ಬದುಕಿದವರು ಎಷ್ಟು ಮಂದಿಯೋ. ಒಳಗೇ ರಕ್ತ ಸೋರಿ, ಹೊರಗೆ ಒಂದು ಗೀರೂ ಇಲ್ಲದೆ, 'ನನಗೇನೂ ಆಗಿಲ್ಲ' ಎನ್ನುತ್ತಲೇ ಕಣ್ಣು ಮುಚ್ಚಿದವರ ಕಾಲ ಹಿಂದಾಗಿತ್ತು. ಗಾಯಾಳು ಬರುವ ಮೊದಲೇ ರಕ್ತದ ಬಾಟಲಿ ತೂಗಿರುತ್ತಿತ್ತು, ಕತ್ತರಿ ಕುದ್ದಿರುತ್ತಿತ್ತು. ಆರು ವರ್ಷದಲ್ಲಿ ನೆರಳು ಒಮ್ಮೆಯೂ ದೊಡ್ಡದಾಗಿ ತಪ್ಪಿರಲಿಲ್ಲ. ಹಾಗಾಗಿ ಡಾಕ್ಟರುಗಳೂ ಮೈ ಮುಟ್ಟಿ ನೋಡುವ ಮೊದಲು ನೆರಳನ್ನು ನೋಡುವುದು ರೂಢಿಯಾಯಿತು.

ಇಂದುಮತಿ ಆ ಕೇಂದ್ರದ ಹಿರಿಯ ಸಂಕೇತಗಾರ್ತಿ. ಡಾಕ್ಟರುಗಳ ಕೋಳಿಕಾಲಿನ ಬರಹ ಓದಿ ಕೈಯಲ್ಲಿ ಸಂಕೇತ ಹಾಕುತ್ತಿದ್ದ ಕಾಲದಿಂದ ಅವಳದು ಇದೇ ಕಸುಬು. ಹತ್ತೊಂಬತ್ತು ವರ್ಷ. ಆಗ ದಾಖಲೆಯಲ್ಲಿ 'ಗಾಯಾಳುವಿನ ಹೇಳಿಕೆ' ಎಂಬ ಕಲಮು ಇತ್ತು. 'ಎಮ್ಮೆ ಅಡ್ಡ ಬಂತು, ನಮ್ಮ ಯಜಮಾನರು ಬ್ರೇಕ್ ಹಾಕಿದರು, ನಾನು ಮಗುವನ್ನು ಎದೆಗೆ ಅವುಚಿಕೊಂಡೆ' ಎಂಬಂಥ ಮಾತು ಅಲ್ಲಿ ಇರುತ್ತಿದ್ದವು. ನೆರಳು ಬಂದ ಮೇಲೆ ಆ ಕಲಮನ್ನು ತೆಗೆದರು. ಯಾರೂ ಓದುತ್ತಿರಲಿಲ್ಲ, ಜಾಗ ತಿನ್ನುತ್ತಿತ್ತು ಎಂದರು. ಈಗ ಅವಳ ಕೆಲಸ ಇಷ್ಟೇ: ನೆರಳಿನ ಗಾಯಕ್ಕೂ ದಾಖಲೆಯ ಸಂಕೇತಕ್ಕೂ ತಾಳೆ ಇದೆಯೇ ನೋಡುವುದು, ಮುದ್ರೆ ಒತ್ತುವುದು. ಮುದ್ರೆ ಬಿದ್ದ ಮೇಲೆ ಅದನ್ನು ಒಡೆಯುವುದು ಸಣ್ಣ ಮಾತಲ್ಲ. ಒಡೆದರೆ ಆ ಗಾಡಿಯಲ್ಲಿದ್ದವರೆಲ್ಲರ ದಾಖಲೆಯೂ ಒಟ್ಟಿಗೇ ತೆರೆದುಕೊಳ್ಳುತ್ತದೆ, ಆಸ್ಪತ್ರೆಯಲ್ಲಿ ಕೆಂಪು ಗಂಟೆ ಹೊಡೆಯುತ್ತದೆ, ಒಡೆದವರು ಕಾರಣ ಬರೆಯಬೇಕಾಗುತ್ತದೆ.

ಆವತ್ತು ಬುಧವಾರ. ಮಾಘದ ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಮೋಟೆಬೆನ್ನೂರಿನ ಆಚೆ ಒಂದು ಕೆಂಪು ಚುಕ್ಕೆ ಮಿನುಗಿತು. ಟಂಟಂ ಗಾಡಿ, ಮೂರು ಗಾಲಿಯ ದೊಡ್ಡ ಆಟೋ. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೊರಟ ಒಂಬತ್ತು ಹೆಂಗಸರು. ಹಿಂದಿನಿಂದ ಬಂದ ಲಾರಿ ಎಡ ಮೂಲೆಗೆ ಗುದ್ದಿ ಗಾಡಿಯನ್ನು ಅರ್ಧ ಸುತ್ತು ತಿರುಗಿಸಿತ್ತು.

ಪರದೆಯ ಮೇಲೆ ಒಂಬತ್ತು ನೆರಳು ಮೂಡಿದವು. ಚಾಲಕನ ಬೆನ್ನ ಹಿಂದೆ ಮೂರು ಸೀಟು, ನಡುವೆ ಮೂರು, ಹಿಂಬಾಗಿಲ ಹತ್ತಿರ ಮೂರು. ಏಳು ಮಂದಿಗೆ ತರಚು, ಉಳುಕು. ಒಂದು ಮುಂಗೈ ಮುರಿತ. ಒಂಬತ್ತನೆಯ ಸೀಟಿನ ನೆರಳು ಮಾತ್ರ ಎಡಪಕ್ಕೆಯಲ್ಲಿ ಕೆಂಪಗೆ ಹೊತ್ತಿಕೊಂಡಿತು: ಎರಡು ಪಕ್ಕೆಲುಬು, ಅದರ ಕೆಳಗೆ ಗುಲ್ಮಕ್ಕೆ ಹರಿತ. ಗುಲ್ಮವೆಂದರೆ ಎಡ ಪಕ್ಕೆಲುಬಿನ ಮರೆಯಲ್ಲಿ ಕೂತ, ರಕ್ತ ತುಂಬಿದ ಮೆದು ಅಂಗ. ಹರಿದರೆ ಸದ್ದಿಲ್ಲದೆ ಹೊಟ್ಟೆಯೊಳಗೇ ಸೋರುತ್ತದೆ. ಕಾರ್ಡಿನ ಹೆಸರು ಸಾವಂತ್ರಿ, ಇಪ್ಪತ್ತಮೂರು ವರ್ಷ, ಏಳು ತಿಂಗಳ ಬಸುರಿ.

ಇಂದುಮತಿ 'ಶಿವನೇ' ಎಂದುಕೊಂಡಳು. ಬಸುರಿಗೆ ತಡವಾಗಬಾರದು ಎಂದು ಬೇಗಬೇಗ ತಾಳೆ ನೋಡಿದಳು. ತೂಕ ಸರಿ, ಎತ್ತರ ಸರಿ, ಸಂಕೇತ ಸರಿ. ನಾಲ್ಕೇ ನಿಮಿಷದಲ್ಲಿ ಒಂಬತ್ತಕ್ಕೂ ಮುದ್ರೆ ಒತ್ತಿದಳು. ಸಾವಂತ್ರಿಯ ಮುಂಗೈಗೆ ಕೆಂಪು ಪಟ್ಟಿ, ಇಬ್ಬರಿಗೆ ಹಳದಿ, ಉಳಿದವರಿಗೆ ಹಸಿರು. ಹಸಿರು ಎಂದರೆ ಬೆಂಚಿನ ಮೇಲೆ ಕೂತು ಕಾಯುವವರು.

ಪಕ್ಕದ ಮೇಜಿನಿಂದ ಕೇಂದ್ರದ ಮುಖ್ಯಸ್ಥ ದೇಸಾಯರು ಬಗ್ಗಿ ನೋಡಿ, "ನಾಕ ನಿಮಿಷ! ಇಂದುಮತಿಯವರ, ನೀವು ಹಿಂಗ ಓಡಿದ್ರ ಹುಡುಗ್ರು ನಿಮ್ಮನ್ನ ಹೆಂಗ ಹಿಡೀಬೇಕ್ರಿ?" ಎಂದರು.

ಅವಳು ನಕ್ಕಳು. ಆ ನಗೆ ನೆನಪಾದಾಗಲೆಲ್ಲ ಮುಂದೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು.

*

ಮಧ್ಯಾಹ್ನದ ಊಟಕ್ಕೆ ಅವಳು ಮನೆಗೇ ಹೋಗುವುದು. ಕೇಂದ್ರದಿಂದ ಎರಡು ಓಣಿ ದಾಟಿದರೆ ಮನೆ. ಗಂಡ ಸವಣೂರಿನ ಹೈಸ್ಕೂಲಿನಲ್ಲಿ ಮಾಸ್ತರ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮಧ್ಯಾಹ್ನ ಅತ್ತೆ ಚಂಪವ್ವ ಮತ್ತು ಅವಳು, ಇಬ್ಬರೇ.

ಚಂಪವ್ವನ ತಂದೆ ಮಠದಲ್ಲಿ ಪುರಾಣ ಓದುತ್ತಿದ್ದವರು. ಮಗಳಿಗೆ ಶಾಲೆ ಮೂರನೆಯ ಇಯತ್ತೆಗೇ ನಿಂತಿತ್ತು, ಷಟ್ಪದಿ ಮಾತ್ರ ನಿಂತಿರಲಿಲ್ಲ. ನೂರಾರು ಪದ್ಯ ಬಾಯಲ್ಲಿದ್ದವು. ಯಾರು ಏನು ಹೇಳಿದರೂ ಆಕೆ ಪುರಾಣ ಕೇಳಿದ ಹಾಗೆ ಕೇಳುತ್ತಿದ್ದಳು: ಯಾರು, ಎಲ್ಲಿ, ಯಾರ ಪಕ್ಕ ಯಾರು ನಿಂತಿದ್ದರು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು. ಅದೆಲ್ಲ ಕಣ್ಣಿಗೆ ಕಟ್ಟುವ ತನಕ ಕಥೆ ಮುಂದೆ ಹೋಗಗೊಡುತ್ತಿರಲಿಲ್ಲ.

"ಮಾರಿ ಯಾಕ ಸಣ್ಣಾಗೈತಿ?" ಎಂದಳು ರೊಟ್ಟಿ ಹಾಕುತ್ತ.

"ಒಂದು ಟಂಟಂ ಬಿತ್ತರಿ ಅತ್ತಿ, ಮೋಟೆಬೆನ್ನೂರ ಹಂತ್ಯಾಕ. ಒಂಬತ್ತು ಮಂದಿ ಹೆಣ್ಣಮಕ್ಕಳು. ಕಡೀ ಸೀಟ್ನ್ಯಾಗ ಕುಂತಾಕಿ ಏಳ ತಿಂಗಳ ಬಸುರಿ. ಅಕಿಗೇ ಬಿದ್ದೈತಿ ಪೆಟ್ಟು."

ಚಂಪವ್ವನ ಕೈ ಪಲ್ಯದ ಬೋಗುಣಿಯಲ್ಲೇ ನಿಂತಿತು.

"ಕಡೀ ಸೀಟ್ನ್ಯಾಗ ಅಂದ್ರ? ಎಲ್ಲಿ?"

"ಹಿಂಬಾಗಲ ಬಾಜೂಕ, ಎಡ ಮೂಲ್ಯಾಗ."

"ಅಲ್ಲೇ ಯಾಕ ಕುಂತ್ಲು?"

"ಕಡೀಗ ಏರಿದ್ಲು, ಅದೊಂದೇ ಖಾಲಿ ಇತ್ತು ಕಾಣತೈತ್ರಿ."

"ಅಲ್ಲವಾ ಇಂದೂ," ಎಂದಳು ಚಂಪವ್ವ, ಸೊಸೆ ಏನೋ ಲೋಕದಲ್ಲಿ ಇಲ್ಲದ್ದನ್ನು ಹೇಳಿದವಳಂತೆ. "ಎಂಟು ಮಂದಿ ಹೆಂಗಸರು ಅದಾರ. ಏಳ ತಿಂಗಳ ಬಸುರಿ ಏರತಾಳ. ಆ ಎಂಟೂ ಮಂದಿ ಕಲ್ಲಾಗಿದ್ರೇನು? ಕುಣಿಬಿದ್ದ ರಸ್ತೆದಾಗ ಅಕಿನ್ನ ಹಿಂದಿನ ಮೂಲ್ಯಾಗ ಎತ್ತಿ ಎತ್ತಿ ಒಗಿಸಿಕೊಂತ ಕರಕೊಂಡು ಹೊಂಟಿದ್ರೇನು? ನಾ ಅಂತೂ ನಂಬಂಗಿಲ್ಲ."

ಇಂದುಮತಿ ತುತ್ತು ಹಿಡಿದ ಕೈಯನ್ನು ತಟ್ಟೆಗೆ ಇಳಿಸಿದಳು.

ಅವಳ ಕಣ್ಣ ಮುಂದೆ ಆ ಗಾಡಿ ಈಗ ಮೊದಲ ಸಲ ನಿಂತಿತು. ಬೆಳಗಿನಿಂದ ಅದು ಒಂಬತ್ತು ಚೌಕಗಳ ಒಂದು ಚಿತ್ರ ಮಾತ್ರ ಆಗಿತ್ತು. ಈಗ ಅದರಲ್ಲಿ ಬುತ್ತಿ ಗಂಟು, ತಲೆಗೆ ಸುತ್ತಿದ ಟವೆಲು, ಚಳಿಗೆ ಹೊದ್ದ ಶಾಲು. ಏದುಸಿರು ಬಿಡುತ್ತ ಏರಿದ ಹುಡುಗಿ ಕಾರ್ಡನ್ನು ಒಂಬತ್ತಕ್ಕೆ ಮುಟ್ಟಿಸುತ್ತಾಳೆ. ಯಾರೋ ಒಬ್ಬಳು, 'ಏ ತಂಗಿ, ಮುಂದ ಬಾ ಇಲ್ಲೆ' ಎಂದು ಏಳುತ್ತಾಳೆ.

ಹಾಗೆ ಎದ್ದವಳು ಎಲ್ಲಿ ಹೋಗಿ ಕೂತಳು?

"ಊಟ ಮಾಡವಾ!" ಎಂದು ಚಂಪವ್ವ ಕೂಗುತ್ತಿದ್ದಂತೆ ಇಂದುಮತಿ ಕೈ ತೊಳೆದು ಚಪ್ಪಲಿ ಮೆಟ್ಟಿದ್ದಳು.

*

ಕೇಂದ್ರಕ್ಕೆ ಮರಳಿದವಳೇ ಅವಳು ಹೆದ್ದಾರಿ ಆಸ್ಪತ್ರೆಯಲ್ಲಿ ದಾಖಲೆ ನೋಡಿಕೊಳ್ಳುವ ಗುಮಾಸ್ತ ಶಿವಪುತ್ರನಿಗೆ ಫೋನ್ ಮಾಡಿದಳು. ಫೋನಿನಲ್ಲಿ ಹತ್ತು ವರ್ಷದ ಪರಿಚಯ, ಮುಖ ಕಂಡದ್ದಿಲ್ಲ.

"ಏನ್ರೀ ಅಕ್ಕಾರ, ದೇವರು ತಾನಾಗೇ ಫೋನ್ ಮಾಡಿದಂಗಾತು. ನಿಮ್ಮ ಕೇಂದ್ರದವರು ಮನಶ್ಯಾರ ಜೋಡಿ ಮಾತಾಡೂದು ಬಿಟ್ಟೀರಿ ಅಂತ ತಿಳಕೊಂಡಿದ್ದೆ!"

"ಶಿವಪುತ್ರಪ್ಪ, ಆ ಟಂಟಂ ಹೆಣ್ಣಮಕ್ಕಳು ಹೆಂಗದಾರ?"

"ಅವರೇನ್ರಿ, ಬೆಂಚಿನ ಮ್ಯಾಲೆ ಸಂತಿ ಹೂಡ್ಯಾರ. ಬಸುರಿದು ಮಾತ್ರ ತಲಿಬ್ಯಾನಿ ಆಗೈತಿ. ಹೊಟ್ಟಿ ಸ್ಕ್ಯಾನ್ ಎರಡು ಸಲ ಮಾಡಿದ್ರು. ಏನೂ ಕಾಣವಲ್ದು. ನೆರಳಿನ್ಯಾಗ ನೋಡಿದ್ರ ಗುಲ್ಮ ಹರದೈತಿ. ಕೂಸಿನ ಸಲುವಾಗಿ ಕಿರಣದ ಸ್ಕ್ಯಾನ್ ಬ್ಯಾಡ ಅಂತ ಡಾಕ್ಟರು. ಎರಡು ಗಂಟೇಕ್ಕ ಎಚ್ಚರ ತಪ್ಪಿಸಿ, ಹೊಟ್ಟಿಗೆ ತೂತು ಹಾಕಿ ನೋಡತಾರಂತ."

ಗೋಡೆಯ ಗಡಿಯಾರ ಒಂದೂ ಕಾಲು ತೋರಿಸುತ್ತಿತ್ತು.

"ಅವರೊಳಗ ಮುಂದಿನ ಸಾಲಿನವರು, ಎರಡನೇ ಮೂರನೇ ಸೀಟಿನವರು ಯಾರದಾರ? ಹಸರು ಪಟ್ಟಿಯವರು?"

"ಎರಡನೇದು ಫಕೀರವ್ವ ಅಂತ. ಐವತ್ತೈದು ವರ್ಷ. ಅಕಿ ಬಾಯಿ ನಿಂದ್ರೂದ ಇಲ್ರಿ, ಬಂದಾಗಿಂದ ಎಲ್ಲಾರಿಗೂ ಧೈರ್ಯ ಹೇಳಾಕತ್ತಾಳ. ಈಗ ಒಂದರ್ಧ ತಾಸು ಆತು, ಸುಮ್ಮನಾಗ್ಯಾಳ."

"ಯಾಕ ಸುಮ್ಮನಾಗ್ಯಾಳ?"

"ದಣದಿರಬೇಕು ಬಿಡ್ರಿ."

"ಫೋನ್ ಅಕಿ ಕೈಯಾಗ ಕೊಡು."

ಸಂಕೇತ ಹಾಕುವವರು ಗಾಯಾಳುವಿನ ಜೊತೆ ಮಾತಾಡುವ ಹಾಗಿಲ್ಲ. ಮಾತು ಕೇಳಿದರೆ ಮನಸ್ಸು ವಾಲುತ್ತದೆ, ಮನಸ್ಸು ವಾಲಿದರೆ ದಾಖಲೆ ವಾಲುತ್ತದೆ ಎಂಬ ನಿಯಮ.

"ಅಕ್ಕಾರ, ನನ್ನ ನೌಕರಿ..."

"ನಿನ್ನ ಹೆಸರು ಎಲ್ಲೂ ಬರಂಗಿಲ್ಲ. ಕೊಡಪ್ಪ."

ಫೋನಿನಲ್ಲಿ ಮೊದಲು ಉಸಿರು ಕೇಳಿಸಿತು. ಚಿಕ್ಕ ಚಿಕ್ಕ ಉಸಿರು.

"ಯಾರವಾ?"

"ನಾನು ಇಂದುಮತಿ ಅಂತ ಆಯಿ. ನಿಮ್ಮ ಗಾಯದ ಕಾಗದ ಬರಿಯಾಕಿ. ಏನಾತು ಅಂತ ನೀವು ಹೇಳ್ರಿ, ನಾ ಕೇಳತೀನಿ."

"ಕಾಗದದಾಗ ಎಲ್ಲಾ ಬರದಾರಂತಲ್ಲವಾ."

"ನೀವು ಹೇಳೂದು ಬರದಿಲ್ರಿ."

ಇಷ್ಟು ಸಾಕಾಯಿತು. ಫಕೀರವ್ವ ಮುಂಜಾನೆ ರೊಟ್ಟಿ ಬಡಿದದ್ದರಿಂದ ಶುರು ಮಾಡಿದಳು. ಟಂಟಂ ಓಡಿಸುವ ಮಕ್ತುಮ ಊರ ಬಾಯಿಗೆ ಬಂದು ಹಾರ್ನ್ ಹೊಡೆದದ್ದು, ಕಟ್ಟೆಯ ಮೇಲಿನ ನಾಯಿ ಎದ್ದು ಬೊಗಳಿದ್ದು, ಹೊಸ ಮೆಣಸಿನಕಾಯಿಯ ಘಾಟಿಗೆ ಕೆಮ್ಮು ಹತ್ತಿದ್ದು, ಹಿಂದಿನ ಸಂಜೆ ಯಾರೋ ಹಾಡಿದ ಪದ. ಇಂದುಮತಿ ನಡುವೆ ಬಾಯಿ ಹಾಕಲಿಲ್ಲ. ಗಡಿಯಾರದ ಮುಳ್ಳು ಅವಳ ಎದೆಯ ಮೇಲೇ ನಡೆಯುತ್ತಿತ್ತು. ಆದರೂ ಹಾಕಲಿಲ್ಲ, ಕೇಳುತ್ತಿದ್ದಾರೆ ಎಂಬ ನಂಬಿಕೆ ಒಮ್ಮೆ ಹರಿದರೆ ಈ ಹೆಂಗಸು ಮತ್ತೆ ತುಟಿ ತೆರೆಯುವವಳಲ್ಲ ಎಂದು ಅವಳಿಗೆ ಅನಿಸಿತ್ತು.

"...ಅಷ್ಟರಾಗ ಧಡ್ ಅಂತು ನೋಡವಾ. ಕಂಬಿ ಬಂದು ಪಕ್ಕೀಗೆ ಬಡೀತು. ಉಸಲೇ ನಿಂತಂಗಾತು."

"ಯಾವ ಕಂಬೀರಿ ಆಯಿ?"

ಎರಡನೆಯ ಸೀಟಿನ ಹತ್ತಿರ ಕಂಬಿ ಇರಲಿಲ್ಲ. ಕಂಬಿ ಇದ್ದದ್ದು ಹಿಂಬಾಗಿಲಿಗೆ.

"ಯಾವುದೋ ಒಂದು ಬಿಡು. ನನಗೇನೂ ಆಗಿಲ್ಲ. ಸಾವಂತ್ರಿ ಒಬ್ಬಾಕಿ ಚೊಲೋ ಆದ್ರ ಸಾಕು."

"ನೋವು ಎಲ್ಲೈತ್ರಿ ನಿಮಗ?"

"ಪಕ್ಕಿ ಸ್ವಲ್ಪ. ಅದೇನಲ್ಲ. ಎಡ ರಟ್ಟಿ ಮ್ಯಾಲೆ, ಭುಜದ ತುದೀಗೆ ಹಿಡದೈತಿ. ಅಡ್ಡಾದ್ರ ಜಾಸ್ತಿ ಆಕ್ಕೈತಿ. ಪೆಟ್ಟ ಬಿದ್ದಿಲ್ಲ, ಚಳೀಗೆ ಹಿಡದಿರಬೇಕು. ಬಾಯಿ ಬಾಳ ಒಣಗಾಕತ್ತೈತಿ, ಒಂದು ಕಪ್ಪು ಚಾ ಕೊಡವಲ್ರು."

ನೆರಳು ಬರುವ ಮೊದಲಿನ ಕಾಗದಗಳಲ್ಲಿ ಇಂದುಮತಿ ಈ ಮಾತನ್ನು ಎಷ್ಟು ಸಲ ಓದಿದ್ದಳೋ. ಭುಜಕ್ಕೆ ಪೆಟ್ಟಿಲ್ಲ, ಎಡ ಭುಜದ ತುದಿಯಲ್ಲಿ ನೋವು, ಮಲಗಿದರೆ ಹೆಚ್ಚು. ಗುಲ್ಮ ಹರಿದು ಹೊಟ್ಟೆಯಲ್ಲಿ ಸೋರಿದ ರಕ್ತ ಎದೆ ಹೊಟ್ಟೆಗಳ ನಡುವಿನ ಉಸಿರಿನ ಪರದೆಯನ್ನು ಮುಟ್ಟಿದರೆ ನೋವು ಬಂದು ಭುಜದಲ್ಲಿ ಕೂರುತ್ತದೆ. ಕಳ್ಳ ಒಂದು ಮನೆಯಲ್ಲಿ, ಕೂಗು ಇನ್ನೊಂದು ಮನೆಯಲ್ಲಿ.

ಆದರೆ ಅವಳು ಡಾಕ್ಟರಲ್ಲ. ಸಂಕೇತಗಾರ್ತಿ ರೋಗದ ಹೆಸರು ಹೇಳುವ ಹಾಗಿಲ್ಲ, ಡಾಕ್ಟರಿಗೆ ಬರೆದು ಪ್ರಶ್ನೆ ಮಾತ್ರ ಕೇಳಬಹುದು. ಪ್ರಶ್ನೆಯೊಳಗೆ ಉತ್ತರವೂ ಇರಬಾರದು. ಹಸಿರು ಪಟ್ಟಿಯವರ ಪ್ರಶ್ನೆಗೆ ಉತ್ತರ ಬರಲು ನಾಲ್ಕು ತಾಸು. ಈ ಹೆಂಗಸಿಗೆ ನಾಲ್ಕು ತಾಸು ಉಳಿದಿರಲಿಲ್ಲ. ಮುದ್ರೆ ಒಡೆದರೆ ಕೂಡಲೇ ಗಂಟೆ ಹೊಡೆಯುತ್ತದೆ. ಆದರೆ ಬರೀ ಊಹೆಯ ಮೇಲೆ ಒಡೆಯುವ ಹಾಗಿಲ್ಲ: ಸೀಟು ಬದಲಾದದ್ದು ಕೂತವರ ಬಾಯಿಂದಲೇ ಖಾತ್ರಿಯಾಗಬೇಕು.

"ಆಯಿ, ಖರೇ ಹೇಳ್ರಿ. ಸಾವಂತ್ರಿಗೆ ನಿಮ್ಮ ಸೀಟು ಬಿಟ್ಟುಕೊಟ್ಟು ನೀವು ಹಿಂದ ಕುಂತಿದ್ರಿ ಹೌದಿಲ್ಲೊ?"

"ಇಲ್ಲವಾ."

"ಆಯಿ..."

"ಇಲ್ಲಂದ್ನೆಲ್ಲ! ಕಾರ್ಡ್ ಎಲ್ಲಿ ಮುಟ್ಟಿಸಿವೋ ಅಲ್ಲೇ ಕುಂತಿದ್ವಿ. ಒಂಬತ್ತೂ ಮಂದಿನ್ನ ಕೇಳು ಬೇಕಾದ್ರ."

ಆಗ ಇಂದುಮತಿಗೆ ತಿಳಿಯಿತು. ಕಾರ್ಡು ಮುಟ್ಟಿಸಿದ ಸೀಟು ಬಿಟ್ಟು ಬೇರೆ ಸೀಟಿನಲ್ಲಿ ಪ್ರಯಾಣಿಕರನ್ನು ಕೂರಿಸಿದರೆ ಚಾಲಕನ ಪರವಾನಗಿ ಹೋಗುತ್ತದೆ. ಬೆಂಚಿನ ಮೇಲೆ ಸಂತೆ ಹೂಡಿದ್ದಾರೆಂದು ಶಿವಪುತ್ರ ನಕ್ಕಿದ್ದನಲ್ಲ, ಆ ಸಂತೆಗೂ ಮೊದಲೇ ಮಕ್ತುಮನ ಹೊಟ್ಟೆಪಾಡು ಕಾಯುವುದೆಂದು ಸಾವಂತ್ರಿಯೂ ಸೇರಿ ಒಂಬತ್ತೂ ಮಂದಿ ಮಾತು ಕಟ್ಟಿಕೊಂಡಿದ್ದರು. ಈ ಹೆಂಗಸು ಸತ್ತರೂ ಆ ಮಾತು ಮುರಿಯುವವಳಲ್ಲ. 'ನಿಮ್ಮ ಜೀವಕ್ಕೆ ಅಪಾಯ' ಎಂದರೆ 'ಇರಲಿ ಬಿಡವಾ' ಎಂದಾಳು.

ಇಂದುಮತಿ ಕಣ್ಣು ಮುಚ್ಚಿಕೊಂಡಳು.

"ಆಯಿ, ನಿಮ್ಮ ಮಾತು ಹಂಗ ಇರಲಿ. ನಾ ಒಂದ ಮಾತು ಹೇಳತೀನಿ. ಕಾಗದದಾಗ ಸಾವಂತ್ರಿ ಕಡೀ ಸೀಟ್ನ್ಯಾಗ ಕುಂತಾಳ. ಅಕಿ ಹೊಟ್ಟ್ಯಾಗ ಹರದೈತಿ ಅಂತ ಬರದೈತಿ. ಡಾಕ್ಟರಿಗೆ ಅಲ್ಲೇನೂ ಸಿಗವಲ್ದು. ಅದಕ್ಕ ಎರಡು ಗಂಟೇಕ್ಕ ಅಕಿನ್ನ ಎಚ್ಚರ ತಪ್ಪಿಸಿ ಹೊಟ್ಟಿಗೆ ತೂತು ಹಾಕಿ ನೋಡತಾರ. ಏಳ ತಿಂಗಳ ಬಸುರಿ ಅಕಿ."

ಉಸಿರು. ಇನ್ನೊಂದು ಉಸಿರು.

"ಅಯ್ಯ ನನ ಶಿವನ," ಎಂದಳು ಫಕೀರವ್ವ. "ಬ್ಯಾಡ. ಬ್ಯಾಡ ಅಂತ ಹೇಳವಾ ಅವರಿಗೆ. ಅಕಿ ಅಲ್ಲಿ ಕುಂತಿದ್ದಿಲ್ಲ. ನಾ ಕುಂತಿದ್ದೆ. ನಾನ ಎದ್ದು ಕೊಟ್ಟೆ. ಅಕಿನ್ನ ಮುಟ್ಟಬ್ಯಾಡ್ರಿ."

ಇಂದುಮತಿ ಮುದ್ರೆ ಒಡೆದಳು.

ಪರದೆಯ ಮೇಲೆ ಒಂಬತ್ತೂ ದಾಖಲೆ ತೆರೆದುಕೊಂಡವು. ಎರಡು ಕಾರ್ಡುಗಳನ್ನು ಅದಲು ಬದಲು ಮಾಡಿದಳು. ಒಬ್ಬಳು ಐವತ್ತೇಳು ಕಿಲೋ, ಒಬ್ಬಳು ಐವತ್ತೆಂಟು. ಪೊರೆಗೆ ಗುಮಾನಿ ಬರದಿದ್ದದ್ದು ಅದಕ್ಕೇ. ನೆರಳುಗಳು ಮತ್ತೆ ಎದ್ದು ಮತ್ತೆ ಪೆಟ್ಟು ತಿಂದವು. ಬಸುರಿಯ ನೆರಳು ಹಸಿರಾಯಿತು. ಐವತ್ತೈದರ ಹಳೆಯ ಎಲುಬಿನ ನೆರಳು ಮೊದಲಿಗಿಂತ ಹೆಚ್ಚು ಮುರಿಯಿತು, ಮೂರು ಪಕ್ಕೆಲುಬು, ಗುಲ್ಮದ ಹರಿತ ಇನ್ನೂ ಆಳ. ಪ್ರಶ್ನೆಯ ಕಲಮಿನಲ್ಲಿ ಅವಳು ನಿಯಮ ತಪ್ಪದೆ ಬರೆದಳು: 'ಭುಜಕ್ಕೆ ಪೆಟ್ಟಿಲ್ಲ. ಎಡಭುಜದ ತುದಿಯಲ್ಲಿ ನೋವು, ಮಲಗಿದರೆ ಹೆಚ್ಚು. ಬಾಯಾರಿಕೆ. ಮಾತು ಕಡಿಮೆಯಾಗಿದೆ. ಕಾರಣ ತಿಳಿಸಿ.'

ಫೋನ್ ಇನ್ನೂ ಕಿವಿಗೇ ಇತ್ತು. ಆ ಕಡೆ ಗಂಟೆ ಹೊಡೆದದ್ದು ಕೇಳಿಸಿತು. ಓಡುವ ಕಾಲು, ಶಿವಪುತ್ರನ ಕೂಗು: "ಸ್ಟ್ರೆಚರ್ ತರ್ರೀ! ಬಸುರಿಗಲ್ಲಪಾ, ಈ ಕಡೆ, ಈ ಅಜ್ಜೀಗೆ!"

"ಯಾರಲೇ ಅಜ್ಜಿ," ಎಂದ ಕ್ಷೀಣ ದನಿಯೊಂದು ಕೇಳಿ, ಫೋನ್ ಕಡಿಯಿತು.

*

ನಾಲ್ಕೂವರೆಗೆ ಸುದ್ದಿ ಬಂತು. ಹೊಟ್ಟೆಯೊಳಗೆ ಎರಡು ಲೀಟರಿನ ಮೇಲೆ ರಕ್ತ ನಿಂತಿತ್ತು. ಗುಲ್ಮ ತೆಗೆದರು. ಇನ್ನರ್ಧ ತಾಸು ತಡವಾಗಿದ್ದರೆ ಆಟ ಮುಗಿಯುತ್ತಿತ್ತು ಎಂದರಂತೆ ಡಾಕ್ಟರು. ಸಾವಂತ್ರಿಯನ್ನು ಕೆಂಪು ಪಟ್ಟಿ ಬಿಚ್ಚಿ ಮನೆಗೆ ಕಳಿಸಿದರೂ ಆಕೆ ಹೋಗದೆ ಆಪರೇಷನ್ ಕೋಣೆಯ ಬಾಗಿಲಿಗೆ ಕೂತಿದ್ದಳಂತೆ.

ದೇಸಾಯರು ಕುರ್ಚಿ ಎಳೆದುಕೊಂಡು ಇಂದುಮತಿಯ ಎದುರು ಕೂತರು. ಕೆಟ್ಟ ಮನುಷ್ಯನಲ್ಲ. ಎರಡು ವರ್ಷಕ್ಕೆ ನಿವೃತ್ತಿ, ಅಷ್ಟರೊಳಗೆ ಯಾವ ಗಾಳಿಯೂ ಬೀಸುವುದು ಬೇಡ ಎಂಬ ಆಸೆಯವರು.

"ಮುದ್ರಿ ಒಡದಿರಿ, ಜೀವ ಉಳೀತು, ಚೊಲೋ ಆತು. ಈಗ ಕಾರಣ ಬರೀಬೇಕು. ಒಂಬತ್ತನೇ ಸೀಟಿನ ಪೊರಿ ಕೆಟ್ಟಿತ್ತು ಅಂತ ಬರದಬಿಡ್ರಿ. ಟಂಟಂನವನೂ ಉಳದ, ನೀವೂ ಉಳದ್ರಿ. ಪೊರೀಗೇನು, ಅದು ಬಂದು ಜಗಳ ಮಾಡತೈತೇನು?"

ಅವಳಿಗೂ ಆಸೆಯಾಯಿತು. ಎಲ್ಲರಿಗೂ ಒಳ್ಳೆಯದಾಗುವ ಸುಳ್ಳು ಅದು. ನೋವು ಕೊಡದ ಸುಳ್ಳು.

"ಒಂದು ರಾತ್ರಿ ಟೈಮ್ ಕೊಡ್ರಿ ಸರ," ಎಂದಳು.

ಸಂಜೆ ದೀಪ ಹಚ್ಚಿದ ಮೇಲೆ ಚಂಪವ್ವನಿಗೆ ಎಲ್ಲ ಹೇಳಿದಳು. ಅತ್ತೆ ಕಣ್ಣು ಮುಚ್ಚಿ ಕೇಳಿದಳು.

"ಆ ಪೊರಿ ಕೆಟ್ಟಿತ್ತು ಅಂತ ಬರದ್ರ ಏನ್ ಮಾಡತಾರ?"

"ಆ ಸೀಟಿಗೆ ಹೊಸಾ ಪೊರಿ ಹಾಕತಾರ್ರಿ."

"ನಾಳಿ ಮತ್ತೊಬ್ಬ ಬಸುರಿ ಏರತಾಳ. ಮತ್ತೊಬ್ಬಾಕಿ ಏಳತಾಳ. ಏಳದ ಇರಾಕ ಆಕ್ಕೈತೇನು? ಆಗ ಆ ಹೊಸಾ ಪೊರಿ ಏನ್ ಮಾಡತೈತಿ?"

ಇಂದುಮತಿ ದೀಪಕ್ಕೆ ಎಣ್ಣೆ ಹನಿಸಿದಳು.

"ನೀ ಏನರ ಬರಿಯವಾ, ನಿಮ್ಮ ಕಾಗದ ನನಗ ತಿಳಿಯಂಗಿಲ್ಲ. ಆದ್ರ ಅರ್ಧಾ ಬರೀಬ್ಯಾಡ. ಅರ್ಧಾ ಕೇಳಿದ ಪುರಾಣ ಯಾರಿಗೂ ಹಿತಾ ಅಲ್ಲ."

ಮರುದಿನ ಅವಳು ಬರೆದಳು. 'ಇಬ್ಬರು ಪ್ರಯಾಣಿಕರ ಸೀಟು ಬದಲಾಗಿತ್ತು. ಮುದ್ರೆ ಒತ್ತುವ ಮೊದಲು ಗಾಯಾಳುಗಳನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವಳು ನಾನು, ತಪ್ಪು ಸಂಕೇತಗಾರ್ತಿಯದು.' ದೇಸಾಯರು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಮೇಲಕ್ಕೆ ಕಳಿಸಿದರು.

*

ಆರನೆಯ ದಿನ ಅವಳು ಆಸ್ಪತ್ರೆಗೆ ಹೋದಳು. ಹತ್ತೊಂಬತ್ತು ವರ್ಷದಲ್ಲಿ ತಾನು ಸಂಕೇತ ಹಾಕಿದ ಮೈಯೊಂದನ್ನು ಕಣ್ಣಾರೆ ನೋಡಲು ಹೋದದ್ದು ಅದೇ ಮೊದಲು. ಫಕೀರವ್ವ ಅವಳಂದುಕೊಂಡದ್ದಕ್ಕಿಂತ ಸಣ್ಣ ಆಳು. ಬೆರಳ ತುದಿಗಳಿಗೆ ಮೆಣಸಿನಕಾಯಿಯ ಕೆಂಪು ಇನ್ನೂ ಹಿಡಿದಿತ್ತು.

"ನಾ ಇಂದುಮತಿರಿ ಆಯಿ. ಫೋನ್ನ್ಯಾಗ..."

"ಗೊತ್ತಾತು, ದನೀ ಮರೀತೇನೇನು?" ಫಕೀರವ್ವ ಮುಖವನ್ನು ಗೋಡೆಗೆ ತಿರುಗಿಸಿದಳು. "ಮಕ್ತುಮನ ಗಾಡಿ ನಿಂದ್ರಿಸ್ಯಾರಂತ. ವಿಚಾರಣಿ ಐತಂತ. ನೀ ಬರದಿ ಅಂತಲ್ಲ?"

"ಬರದೇನ್ರಿ."

"ನಾ ನಿನಗ ಹೇಳಿದ್ದು ಸಾವಂತ್ರಿ ಸಲುವಾಗಿ. ಬರಕೋ ಅಂತ ಹೇಳಿದ್ನೇನು? ಅಂವಗ ಮೂರು ಹೆಣ್ಣಮಕ್ಕಳು. ನನ್ನ ಉಳಸಿ ಅಂವನ್ನ ಕೆಡವಿದೆಲ್ಲ!"

ಇಂದುಮತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಳು. ಆಚೆ ಮಂಚದವರ ರೇಡಿಯೋದಲ್ಲಿ ವಾರ್ತೆ ಮುಗಿದು ಏನೋ ಹಾಡು ಬಂತು.

ಬೈಗುಳಕ್ಕೆ ಎದುರು ಮಾತು ಬರದಿದ್ದದ್ದು ಫಕೀರವ್ವನಿಗೆ ಸರಿ ಬರಲಿಲ್ಲವೇನೋ. ಗೋಡೆಗೇ ಹೇಳಿದಳು: "ಅಂವಂದು ತಪ್ಪು ಹೆಂಗ ಆಕ್ಕೈತಿ? ಅಂವ ಹೇಳಿದ್ದ."

"ಯಾರು, ಏನು ಹೇಳಿದ್ದರಿ?"

"ಮಕ್ತುಮ. ಊರು ದಾಟಿದ ಮ್ಯಾಲೆ ನಾ ಎದ್ದಾಗ ಕನ್ನಡ್ಯಾಗ ನೋಡಿ ಗಾಡಿ ನಿಂದ್ರಿಸಿದ. 'ಆಯಿ, ಕಾರ್ಡ್ ಮತ್ತ ಮುಟ್ಟಿಸ್ರಿ, ಇಬ್ಬರೂ' ಅಂದ. ಮುಟ್ಟಿಸಿದ್ವಿ. ಸೀಟಿಗೆ ಹಚ್ಚಿದ ಆ ಕಾರ್ಡ್ ಡಬ್ಬಿ ಕೆಂಪದೀಪ ತೋರಿಸಿ ಕುಂಯ್ ಅಂತು. ಮೂರು ಸಲ ಮುಟ್ಟಿಸಿದ್ವಿ. ಒಮ್ಮೆ ಗಾಡಿ ಊರು ಬಿಟ್ಟಮ್ಯಾಲೆ ತಗೋಳಾಂಗಿಲ್ಲಂತ ಅದು. ಏನ್ ಮಾಡಬೇಕಿತ್ತು ಅಂವ? ಬಸುರಿನ್ನ ರಸ್ತೇಕ ಇಳಸಬೇಕಿತ್ತೇನು?"

ಇಂದುಮತಿ ತಲೆ ಎತ್ತಿದಳು.

ಆರು ವರ್ಷ. ಇಷ್ಟು ಮಂದಿ ಎಂಜಿನಿಯರು, ಇಷ್ಟು ಲೆಕ್ಕ. ಮನುಷ್ಯರು ದಾರಿಯಲ್ಲಿ ಎದ್ದು ಒಬ್ಬರಿಗೊಬ್ಬರು ಜಾಗ ಕೊಡುತ್ತಾರೆ ಎಂಬುದು ಆ ಡಬ್ಬಿಗೆ ಯಾರೂ ಹೇಳಿಯೇ ಇರಲಿಲ್ಲ. ಆ ಮೂರು ಸಲದ ಮುಟ್ಟುವಿಕೆ ಡಬ್ಬಿಯೊಳಗೆ ಎಲ್ಲೋ ಉಳಿದಿರಲೇಬೇಕು. ಹುಡುಕಬೇಕೆಂದು ಯಾರಿಗಾದರೂ ತಿಳಿದರೆ ತಾನೆ ಹುಡುಕುವುದು.

"ಆಯಿ, ಇದನ್ನ ಯಾರಿಗಾದ್ರೂ ಹೇಳೀರೇನು?"

"ಯಾರು ಕೇಳಿದ್ರು?"

ಇಂದುಮತಿ ಚೀಲದಿಂದ ಕಾಗದ ತೆಗೆದಳು. ದಾಖಲೆಯಲ್ಲಿ ಅದಕ್ಕೆ ಕಲಮು ಇರಲಿಲ್ಲ, ಪರದೆಯಲ್ಲಿ ಜಾಗ ಇರಲಿಲ್ಲ. ಬಿಳಿ ಹಾಳೆಯ ತಲೆಯ ಮೇಲೆ 'ಗಾಯಾಳುವಿನ ಹೇಳಿಕೆ' ಎಂದು ಕೈಯಾರೆ ಬರೆದು ಕೆಳಗೊಂದು ಗೆರೆ ಎಳೆದಳು.

"ಹೇಳ್ರಿ. ವಿಚಾರಣಿಗೆ ನಾನ ಒಯ್ದು ಕೊಡತೀನಿ. ನೀವು ಹೇಳಿದಂಗ ಬರೀತೀನಿ, ಒಂದು ಅಕ್ಷರ ಬಿಡಂಗಿಲ್ಲ."

ಫಕೀರವ್ವ ನಿಧಾನಕ್ಕೆ ಮುಖ ಈ ಕಡೆ ತಿರುಗಿಸಿದಳು. ಹೊಲಿಗೆ ಜಗ್ಗಿ ಹಲ್ಲು ಕಚ್ಚಿದಳು. ಕಾಗದವನ್ನು ನೋಡಿದಳು, ಪೆನ್ನನ್ನು ನೋಡಿದಳು. ಅವಳ ದನಿ ಈಗ ಪಂಚರ ಮುಂದೆ ನಿಂತವಳ ದನಿಯಾಯಿತು.

"ಬರಿ. ನಾ ಫಕೀರವ್ವ. ಎರಡನೇ ಸೀಟ್ನ್ಯಾಗ ಕುಂತಿದ್ದೆ. ಸಾವಂತ್ರಿ ಏರಿದ್ಲು. ಊರು ದಾಟಿದ ಮ್ಯಾಲೆ ಅಕಿ ಮಾರಿ ನೋಡಿದೆ, ಎದ್ದೆ. ಮಕ್ತುಮ ಕಾರ್ಡ್ ಮುಟ್ಟಿಸ್ರಿ ಅಂದ, ಮೂರು ಸಲ ಮುಟ್ಟಿಸಿದ್ವಿ, ಡಬ್ಬಿ ಒಲ್ಲೆ ಅಂತು. ಬರದಿ?"

"ಬರದೆ."

"ನಾಳೆ ಆರಾಮಾಗಿ ಮತ್ತ ಅದ ಗಾಡಿ ಏರತೀನಿ. ಬಸುರಿ ಬಂದ್ರ ಮತ್ತ ಏಳತೀನಿ. ಡಬ್ಬಿ ಒಲ್ಲೆ ಅಂದ್ರೂ ಏಳತೀನಿ. ಇದನ್ನೂ ಬರಿ."

ಇಂದುಮತಿ ಅದನ್ನೂ ಬರೆದಳು.